ವರಲಕ್ಷ್ಮಿಯ ನವಿಲಿಗೆ ಸಿಟ್ಟು ಬೇಕು

ನಮ್ಮ ಮನೆಯ ಕೆಳಗಿನ ಪೋರ್ಷನ್ನಿನಲ್ಲಿ ಒಂಬತ್ತು ವರ್ಷದಿಂದ ಬಾಡಿಗೆಗಿರುವ ವರಲಕ್ಷ್ಮಿ ರವಿಕೆಗಳಿಗೆ ಮಗ್ಗಂ ವರ್ಕ್ ಮಾಡುತ್ತಾಳೆ. ಮರದ ಚೌಕಟ್ಟಿಗೆ ರೇಷ್ಮೆ ಬಟ್ಟೆಯನ್ನು ಬಿಗಿದು, ಕೊಕ್ಕೆಸೂಜಿಯಿಂದ ಜರಿ, ಮಣಿ ಕೂರಿಸುವ ಕೆಲಸ. ಬಸವೇಶ್ವರನಗರದಲ್ಲಿ ಇದನ್ನು ಮಾಡುವವರಿಗೆ ಬರವಿಲ್ಲ. ನಮ್ಮ ರಸ್ತೆಯೊಂದರಲ್ಲೇ ಮೂರು ಬೋರ್ಡುಗಳಿವೆ. ಆದರೆ ಮದುವೆ ಹೆಣ್ಣಿನ ಬೆನ್ನ ಮೇಲೆ ನವಿಲು ಕೂರಬೇಕೆಂದರೆ ಸುಂಕದಕಟ್ಟೆಯಿಂದಲೂ ಜನ ಸ್ಕೂಟರ್ ಹತ್ತಿ ಇವಳನ್ನೇ ಹುಡುಕಿಕೊಂಡು ಬರುತ್ತಾರೆ. ಬಂದವರು ನನ್ನ ಗೇಟಿಗೆ ಅಡ್ಡವಾಗಿಯೇ ಗಾಡಿ ನಿಲ್ಲಿಸುತ್ತಾರೆ, ಅದು ಬೇರೆ ವಿಷಯ.

ಇವಳ ಕೈಗೆ ಒಂದು ಕಾಯಿಲೆಯಿದೆ. ಮನೆಯಲ್ಲಿ ಎಲ್ಲವೂ ನೆಮ್ಮದಿಯಾಗಿದ್ದರೆ ನವಿಲು ಕೋಳಿಯಾಗುತ್ತದೆ. ಕತ್ತು ಗಿಡ್ಡ, ಹೊಟ್ಟೆ ದಪ್ಪ, ಕಣ್ಣಿನಲ್ಲಿ ಊಟವಾದ ಮೇಲಿನ ತೂಕಡಿಕೆ. ಗಂಡನ ಮೇಲೆ ಸಿಟ್ಟು ಬಂದಿದ್ದರೆ ಅದೇ ನವಿಲು ಕತ್ತು ಸೆಟೆದು, ಯಾರ ಮನೆಗೋ ನ್ಯಾಯ ಕೇಳಲು ಹೊರಟ ಹಾಗೆ ನಿಲ್ಲುತ್ತದೆ. ಗಿರಾಕಿಗಳು ಇದಕ್ಕೆ ಮೂಡ್ ಎನ್ನುತ್ತಾರೆ. ಮೂಡ್ ಇದ್ದರೆ ನವಿಲು ಮೂಡುತ್ತದೆ, ಇಲ್ಲದಿದ್ದರೆ ಕೋಳಿ ಮೂಡುತ್ತದೆ ಎಂದು ನಾನೊಮ್ಮೆ ಆಡಿಕೊಂಡಿದ್ದಕ್ಕೆ ವಾರವಿಡೀ ನನ್ನ ಜೊತೆ ಮಾತು ಬಿಟ್ಟಿದ್ದಳು. ಆ ವಾರದ ನವಿಲು ಬಹಳ ಚೆನ್ನಾಗಿತ್ತು.

ಗಂಡ ಚಕ್ರಪಾಣಿ ಪಂಪು ತಯಾರಿಸುವ ಕಂಪನಿಯೊಂದರ ಸ್ಟೋರ್ಸಿನಲ್ಲಿ ಗುಮಾಸ್ತ. ಬೆಕ್ಕು ಅಡ್ಡ ಬಂದರೆ ತಾನೇ ದಾರಿ ಬಿಟ್ಟು ನಿಲ್ಲುವಷ್ಟು ಸಾಧು. ಆದರೂ ತಿಂಗಳಿಗೆ ಎರಡು ಸಲವಾದರೂ ಜಗಳ ತೆಗೆಯುತ್ತಿದ್ದ. ಸಾರಿಗೆ ಹುಳಿ ಸಾಲದು, ನಮ್ಮಕ್ಕನ ಸಾರೇ ಸಾರು ಎನ್ನುವನು. ಮಡಿಸಿಟ್ಟ ಬಟ್ಟೆಯ ಮೇಲೆ ಒದ್ದೆ ಛತ್ರಿ ಇಡುವನು. ಇದೆಲ್ಲ ನನಗೆ ಮೇಲಿನವರೆಗೂ ಕೇಳಿಸುತ್ತಿತ್ತು. ಕದ್ದು ಕೇಳುತ್ತಿದ್ದೆನೆಂದು ತಿಳಿಯಬೇಡಿ. ನಮ್ಮ ಮನೆ ಕಟ್ಟಿದ ಮೇಸ್ತ್ರಿ ಸಿಮೆಂಟಿನಲ್ಲಿ ಸ್ವಲ್ಪ ಕೈ ಬಿಗಿ ಹಿಡಿದಿದ್ದ. ಇಂಥ ಹೆಣ್ಣಿಗೆ ಎಂಥ ಗಂಡ ಸಿಕ್ಕಿದನಪ್ಪಾ ಎಂದು ನಾನು ಮರುಗಿದ್ದೂ ಉಂಟು.

ಹೋದ ಫೆಬ್ರವರಿಯಲ್ಲಿ ಗುಟ್ಟು ರಟ್ಟಾಯಿತು. ಹೊಸಹಳ್ಳಿಯ ಶಶಿಕಲಾ ತನ್ನ ಮಗಳ ಮುಹೂರ್ತದ ರವಿಕೆ ಕೊಟ್ಟಿದ್ದಳು. ಸೋಮವಾರ ಮದುವೆ, ಶನಿವಾರ ಮಧ್ಯಾಹ್ನದೊಳಗೆ ಬಟ್ಟೆ ಟೈಲರ್ ಕೈ ಸೇರಬೇಕು. ಬುಧವಾರ ನೋಡಲು ಬಂದರೆ ನವಿಲಿನ ಕಾಲು ಮಾತ್ರ ಆಗಿತ್ತು. ಶಶಿಕಲಾಗೆ ಗಾಬರಿಯಲ್ಲಿ ಬಾಯಿ ಜಾರಿತು.

“ನಿಮ್ಮೆಜಮಾನ್ರು ಈ ಸಲ ಏನೂ ಅಂದಿಲ್ವಾ? ಮೊನ್ನೇನೇ ಅವ್ರಿಗೆ ಫೋನ್ ಮಾಡಿ ಹೇಳಿದ್ನಲ್ಲ.”

“ಏನಂತ ಹೇಳಿದ್ರಿ?” ಎಂದಳು ವರಲಕ್ಷ್ಮಿ.

“ಅದೇ ಕಣ್ರೀ, ಒಂದ್ಸಲ ಜಗಳ ಆಡ್ಬಿಡಿ ಅಂತ. ಎಲ್ರೂ ಹೇಳ್ತಾರಂತಲ್ಲ, ನಾನೂ ಹೇಳ್ದೆ.”

ಪಕ್ಕದಲ್ಲಿ ಕೂತು ಮಣಿ ಆರಿಸಿಕೊಡುತ್ತಿದ್ದ ನನ್ನ ಕೈಯೂ ನಿಂತುಹೋಯಿತು. ಇಷ್ಟು ವರ್ಷ ನಾನು ಮರುಗಿದ್ದೆಲ್ಲ ದಂಡ.

ಇದ್ಯಾವುದೂ ತಿಳಿಯದ ಚಕ್ರಪಾಣಿ ಆ ಸಂಜೆ ಬಂದವನೇ ಚಟ್ನಿಗೆ ಉಪ್ಪಿಲ್ಲವೆಂದು ಗದರಿದ. ವರಲಕ್ಷ್ಮಿ ನಕ್ಕಳು. ಗುರುವಾರ ಅವಳ ತಮ್ಮನನ್ನು ದಂಡಪಿಂಡ ಎಂದು ಬೈದ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆದರೆ ಚೌಕಟ್ಟಿನ ಮುಂದೆ ಕೂತಾಗ ನಗು ಹೋಗಿ ಬೆವರು ಬಂತು. ಎರಡು ಸಲ ಕೋಳಿಯೇ ಮೂಡಿತು, ಎರಡು ಸಲವೂ ಬಿಚ್ಚಿದಳು. ಮೂರನೆಯ ಸಲ ಬಿಚ್ಚಿದರೆ ರೇಷ್ಮೆಯಲ್ಲಿ ತೂತು ಉಳಿಯುತ್ತದೆ. ಮದುಮಗಳ ರವಿಕೆಯ ಜೊತೆಗೆ ಇಷ್ಟು ವರ್ಷದ ಹೆಸರೂ ಹೋಗುತ್ತದೆ.

“ಕೈ ಬರ್ತಾನೇ ಇಲ್ಲ ಆಂಟಿ. ಸಿಟ್ಟು ಮಾಡ್ಕೊಳೋಣ ಅಂದ್ರೆ ಅದೂ ಬರ್ತಿಲ್ಲ,” ಎಂದಳು ನನಗೆ. ಅವಳ ಕಣ್ಣಲ್ಲಿ ನೀರಿತ್ತು.

ಶುಕ್ರವಾರ ಚಕ್ರಪಾಣಿ ಅರ್ಧ ದಿನ ರಜೆ ಹಾಕಿ ಬಂದ. ವರಲಕ್ಷ್ಮಿ ಅವನನ್ನು ಎದುರಿಗೆ ಕೂರಿಸಿಕೊಂಡು, ಶಶಿಕಲಾ ಬಾಯಿಬಿಟ್ಟದ್ದನ್ನು ಹೇಳಿ ಹಳೆಯ ಜಗಳಗಳ ಲೆಕ್ಕ ಕೇಳತೊಡಗಿದಳು. ನಾನು ಏಳಬೇಕಿತ್ತು, ಏಳಿ ಎಂದು ಯಾರೂ ಹೇಳದ್ದರಿಂದ ಕೂತೇ ಇದ್ದೆ.

“ಸಾರಿಗೆ ಹುಳಿ ಇಲ್ಲ ಅಂದಿದ್ದು?”

“ಮಾಗಡಿ ರೋಡಿನವರ ಆರ್ಡರು.”

“ಒದ್ದೆ ಛತ್ರಿ?”

“ಡಾಕ್ಟ್ರ ಮಗಳ ನಿಶ್ಚಿತಾರ್ಥ.”

ಒಂದೊಂದಕ್ಕೂ ಅವಳ ಮುಖ ಅರಳುತ್ತಿತ್ತು. ಗಂಡ ಆಡಿದ ಕೆಟ್ಟ ಮಾತುಗಳನ್ನೆಲ್ಲ ಹೀಗೆ ಒಂದೊಂದಾಗಿ ಹಿಂದಕ್ಕೆ ಕೊಟ್ಟು ಹಗುರಾಗುವ ಭಾಗ್ಯ ಯಾವ ಹೆಂಡತಿಗೆ ಸಿಗುತ್ತದೆ ಹೇಳಿ. ಆಮೇಲೆ ಅವಳ ದನಿ ಸಣ್ಣದಾಯಿತು.

“ನಮ್ಮಣ್ಣನ ಮನೆ ಗೃಹಪ್ರವೇಶದಲ್ಲಿ ಎಲ್ರ ಮುಂದೆ ಅಂದ್ರಲ್ಲ, ಇವಳದ್ದೇನ್ ಮಹಾ, ಬಟ್ಟೆಗೆ ಸೂಜಿ ಚುಚ್ಚೋ ಕೆಲಸ ಅಂತ. ಅದು ಯಾರ ಆರ್ಡರ್ರೀ?”

ಅವಳು ಕಾದಿದ್ದೇ ಈ ಒಂದು ಮಾತಿಗೆ ಎಂದು ನನಗೆ ಆಗ ಗೊತ್ತಾಯಿತು. ಯಾವುದಾದರೂ ಗಿರಾಕಿಯ ಹೆಸರು ಹೇಳೋ ಮಹರಾಯ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಚಕ್ರಪಾಣಿ ನೆಲ ನೋಡಿದ.

“ಅದು ಆರ್ಡರ್ ಅಲ್ಲ ಕಣೇ.”

ಅವನೇ ಮುಂದುವರಿಸಿದ. “ಆವತ್ತು ಬಂದೋರ್ಗೆಲ್ಲ ನಿಮ್ಮಣ್ಣ ನನ್ನನ್ನ ವರಲಕ್ಷ್ಮಿ ಯಜಮಾನ್ರು, ವರಲಕ್ಷ್ಮಿ ಯಜಮಾನ್ರು ಅಂತಾನೇ ಪರಿಚಯ ಮಾಡ್ಕೊಟ್ಟ. ಇಪ್ಪತ್ತೆರಡು ವರ್ಷದಿಂದ ಸ್ಟೋರ್ಸಲ್ಲಿ ಕೂತಿದೀನಿ, ನನ್ನನ್ನ ಕೇಳ್ಕೊಂಡು ಒಬ್ರೂ ಬಂದಿಲ್ಲ. ಹೊಟ್ಟೆ ಉರೀತು. ಅಂದ್ಬಿಟ್ಟೆ.”

ನನಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಸಂಕಟವಾಯಿತು. ವರಲಕ್ಷ್ಮಿ ಅಳಲೂ ಇಲ್ಲ, ಬೈಯಲೂ ಇಲ್ಲ. ಅವನನ್ನೇ ಬಹಳ ಹೊತ್ತು ನೋಡಿದಳು, ಹೊಸದಾಗಿ ಮನೆಗೆ ಬಂದವನನ್ನು ನೋಡುವ ಹಾಗೆ. ಆಮೇಲೆ ಚೌಕಟ್ಟನ್ನು ಎಳೆದುಕೊಂಡು ಸೂಜಿ ಹಿಡಿದಳು. ಅಲ್ಲಿ ಇರಬೇಕೋ ಹೋಗಬೇಕೋ ತಿಳಿಯದೆ ಚಕ್ರಪಾಣಿ ಒಳಗೆ ಹೋಗಿ ಮೂವರಿಗೂ ಕಾಫಿ ಮಾಡಿ ತಂದ. ಕಾಫಿ ಕೆಟ್ಟದಾಗಿತ್ತು. ಯಾರೂ ಏನೂ ಅನ್ನಲಿಲ್ಲ.

ಶನಿವಾರ ಬೆಳಿಗ್ಗೆ ನವಿಲು ಮುಗಿದಿತ್ತು. ಅದು ಸೆಟೆದಿರಲಿಲ್ಲ, ತೂಕಡಿಸುತ್ತಲೂ ಇರಲಿಲ್ಲ. ಮುಂದೆ ಹೊರಟದ್ದು ಯಾರೋ ಕರೆದರೆಂದು ಕತ್ತು ಹೊರಳಿಸಿ ಹಿಂದೆ ನೋಡುತ್ತಿತ್ತು. ಅವಳ ಕೈಯಲ್ಲಿ ಅಂಥ ನವಿಲು ಮೂಡಿದ್ದನ್ನು ಈ ಒಂಬತ್ತು ವರ್ಷದಲ್ಲಿ ನಾನು ನೋಡಿಲ್ಲ.

ಬಟ್ಟೆ ಒಯ್ಯಲು ಬಂದ ಶಶಿಕಲಾ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಚಪ್ಪಲಿ ಹಾಕಿಕೊಳ್ಳುತ್ತಿದ್ದ ಚಕ್ರಪಾಣಿಯ ಕಡೆ ಕಣ್ಣು ಮಿಟುಕಿಸಿ, “ಜಗಳ ಈ ಸಲ ಜೋರಾಗೇ ಆಗಿದೆ ಅನ್ಸುತ್ತೆ,” ಎಂದಳು.

“ಜಗಳ ಏನಿಲ್ಲ ಶಶಿಕಲಾ ಅವ್ರೇ,” ಎಂದಳು ವರಲಕ್ಷ್ಮಿ, ಬಟ್ಟೆಯನ್ನು ಮಡಿಸಿ ಕವರಿಗೆ ಹಾಕುತ್ತಾ. “ಇವ್ರು ನಿಜ ಹೇಳಿದ್ರು, ಅಷ್ಟೇ.”