ಗೋಡೆಗೆ ಮುಖ ಮಾಡಿ ಮಲಗಿದವನು

ಕನ್ನಡ ಬಾರದ ಸಂಶೋಧಕನೊಬ್ಬನಿಗೆ ದುಭಾಷಿಯಾಗಿ ಕಾಡಂಚಿನ ಆದಿವಾಸಿ ಹಾಡಿಗೆ ಹೋಗಿದ್ದೆ. ಜೀಪಿನಲ್ಲಿ ಅವನದು ಒಂದೇ ಪಾಠ: ಖಿನ್ನತೆ ಕಾಯಿಲೆಯಲ್ಲ, ವಿಕಾಸ ಕೊಟ್ಟ ವರ. ಸೋತ ಪ್ರಾಣಿ ಮೂಲೆ ಸೇರಿ ಶಕ್ತಿ ಉಳಿಸುತ್ತದೆ, ಮನುಷ್ಯ ಮಲಗಿ ತನ್ನ ಸಮಸ್ಯೆ ಬಿಡಿಸಿಕೊಳ್ಳುತ್ತಾನೆ. ಹುಣಸೂರಿನಲ್ಲಿ ಊಹೆಯಾಗಿದ್ದದ್ದು ಹೆಗ್ಗಡದೇವನಕೋಟೆ ದಾಟುವಷ್ಟರಲ್ಲಿ ಸತ್ಯವಾಗಿತ್ತು.

ಹಾಡಿಯಲ್ಲಿ ಮಾದಿ ಎಂಬಾಕೆ ಗಂಡನನ್ನು ತೋರಿಸಿದಳು. ಮೂರು ತಿಂಗಳಿಂದ ಗೋಡೆಗೆ ಮುಖ ಮಾಡಿ ಮಲಗಿದ್ದ. ಎರಡು ದಿನದಿಂದ ಗಂಜಿಯನ್ನೂ ಮುಟ್ಟಿರಲಿಲ್ಲ.

ಸಂಶೋಧಕನ ಮುಖ ಅರಳಿತು. "ಎಬ್ಬಿಸಬೇಡಿ. ಅವನ ಮೆದುಳು ಯೋಚಿಸುತ್ತಿದೆ." ನಾಚಿಕೆಪಡುತ್ತಲೇ ಅನುವಾದಿಸಿದೆ.

"ಮೂರು ತಿಂಗ್ಳು ಯೋಚ್ನೆ ಮಾಡಕ್ಕೆ ಇವ್ನೇನು ಮಂತ್ರಿಯಾ?" ಎಂದಳು ಮಾದಿ. "ಅನ್ನ ಬುಟ್ಟವ್ನೆ ಕಣ್ರೀ, ಸತ್ತೋಯ್ತಾನೆ. ಆಸ್ಪತ್ರೆಗೆ ಜೀಪ್ ಕೊಡ್ತಾರಾ ಕೇಳ್ರೀ."

ಕೇಳಿದೆ. "ಮೊದಲು ಸಂದರ್ಶನಗಳು ಮುಗಿಯಲಿ" ಎಂದು ಅವನು ಪಕ್ಕದ ಗುಡಿಸಲಿಗೆ ನಡೆದ. ನನಗೆ ಮೈ ಉರಿಯಿತು. ಡ್ರೈವರೂ ನಾನೂ ಸೇರಿ ಮಾದಿಯ ಗಂಡನನ್ನು ಎತ್ತಿ ಜೀಪಿನಲ್ಲಿ ಮಲಗಿಸಿ, ಅವಳನ್ನೂ ಹತ್ತಿಸಿಕೊಂಡು ಹೊರಟೆವು.

ಆಸ್ಪತ್ರೆಯಲ್ಲಿ ಅವನಿಗೆ ಡ್ರಿಪ್ ಹಾಕುತ್ತಿದ್ದಾಗ ಸಂಶೋಧಕನ ಫೋನ್ ಬಂತು. ತಾನು ಹಾಡಿಯಲ್ಲಿ ಎಷ್ಟು ಹೊತ್ತು ಕಾಯಬೇಕು ಎಂದು ಕೂಗಾಡಿದ.

"ಮೂಲೆ ಸೇರಿ ಮಲಗಿ ಸರ್, ಶಕ್ತಿ ಉಳಿಯುತ್ತದೆ" ಎಂದೆ. ಇಂಗ್ಲಿಷಿನಲ್ಲೇ ಹೇಳಿದೆ; ಅನುವಾದದಲ್ಲಿ ತಪ್ಪಾಗಬಾರದಲ್ಲ.