ಪ್ರಾರ್ಥನೆಯ ವಿಳಾಸ

ಬೇರೆ ಬೇರೆ ಸಭೆಗಳವರು ಒಂದೇ ಬೆಂಚಿನಲ್ಲಿ ಕೂತು ದೇವಶಾಸ್ತ್ರ ಓದುವ ಕಾಲೇಜು ನಮ್ಮದು. ಸಭೆಗಳ ಐಕ್ಯತೆಯ ಬಗ್ಗೆ ಹಾಳೆಗಟ್ಟಲೆ ಬರೆದು ನಾನು ಒಳ್ಳೆಯ ಅಂಕವನ್ನೇ ತೆಗೆದಿದ್ದೆ. ತರಬೇತಿಗೆಂದು ಹರಿಹರದ ಚರ್ಚಿಗೆ ಬಂದಾಗ ಅದರ ಬಣ್ಣ ಬಯಲಾಯಿತು.

ಆ ಚರ್ಚಿನ ಮಾರ್ಥಮ್ಮಜ್ಜಿಗೆ ದಾವಣಗೆರೆಯ ಆಸ್ಪತ್ರೆಯಲ್ಲಿ ಹೊಟ್ಟೆಯ ಆಪರೇಷನ್ ಇತ್ತು. ಹುಟ್ಟಿದ್ದು ಕಥೋಲಿಕರ ಮನೆಯಲ್ಲಿ, ಮದುವೆಯಾಗಿ ಬಂದದ್ದು ಪ್ರೊಟೆಸ್ಟೆಂಟರ ಮನೆಗೆ. ಅದಕ್ಕೇ ಪ್ರೊಟೆಸ್ಟೆಂಟನಾದ ನಾನೂ ನನ್ನ ಸಹಪಾಠಿ, ಕಥೋಲಿಕ ಸಿಸ್ಟರ್ ಲೀನಾ ಅವರೂ ಒಟ್ಟಿಗೆ ಹೋದೆವು. ಅಜ್ಜಿ ನಮ್ಮಿಬ್ಬರ ಕೈ ಹಿಡಿದುಕೊಂಡರು.

"ಯೇಸು ಕಲಿಸಿದ ಪ್ರಾರ್ಥನೆ ಹೇಳ್ರಿ, ಇಬ್ರೂ ಕೂಡಿ," ಅಂದರು.

ಕಣ್ಣು ಮುಚ್ಚಿ ನಾನು ನಮ್ಮ ಸಭೆಯ ರೂಢಿಯಂತೆ "ಪರಲೋಕದಲ್ಲಿರುವ" ಅಂದೆ. ಸಿಸ್ಟರ್ ತಮ್ಮ ಸಭೆಯ ರೂಢಿಯಂತೆ "ಸ್ವರ್ಗದಲ್ಲಿರುವ" ಅಂದರು. ಇಬ್ಬರೂ ತಡವರಿಸಿ ನಿಂತೆವು. ಅವರ ಮಾತಿಗೇ ಹೊಂದಿಕೊಳ್ಳೋಣ ಅಂತ ನಾನು "ಸ್ವರ್ಗದಲ್ಲಿರುವ" ಎಂದು ಶುರು ಮಾಡಿದರೆ, ಅದೇ ಗಳಿಗೆಯಲ್ಲಿ ಅವರು ನನಗಾಗಿ "ಪರಲೋಕದಲ್ಲಿರುವ" ಅನ್ನಬೇಕೆ!

ಅಜ್ಜಿ ಒಂದು ಕಣ್ಣು ತೆರೆದರು. "ಮೊದ್ಲು ವಿಳಾಸ ಗಟ್ಟಿ ಮಾಡ್ಕಳ್ರಿ. ನಾಳೆ ನನ್ ಹೊಟ್ಟೆ ಕೊಯ್ಯೋದೈತೆ, ಪ್ರಾರ್ಥನೆ ಎಲ್ಲೆಲ್ಲೋ ಹೋಗೋದು ಬ್ಯಾಡ."

ಮೂವರೂ ನಕ್ಕೆವು. ಕೊನೆಗೆ ನಮ್ಮ ನಮ್ಮ ಮಾತಿನಲ್ಲೇ, ಒಬ್ಬರ ಮೇಲೊಬ್ಬರು ಬೀಳುತ್ತ ಹೇಳಿ ಮುಗಿಸಿದೆವು.

ಮರುದಿನ ಅಜ್ಜಿಯ ಮಗಳ ಫೋನ್ ಬಂತು.

"ಅವ್ವ ಆರಾಮ ಅದಾಳ್ರಿ. ಎಚ್ಚರಾಗಿದ್ದೇ ತಡ, ಯಾರ ವಿಳಾಸಕ್ಕೆ ಮುಟ್ತು ಕೇಳು ಅಂತಾಳೆ."

"ಅದು ನಮಗೆ ಮುಂದಿನ ವರ್ಷದ ಪಾಠ ಅಂತ ಹೇಳ್ರಿ," ಅಂದೆ.