ಕಿಟ್ಟಣ್ಣನ ಮೋರಿ ಮತ್ತು ನಾಲ್ಕು ದಿನ ತಡವಾದ ಅಪೀಲು

ಬೋವಿಕಾನದ ಕಿಟ್ಟಣ್ಣ ಮೇಸ್ತ್ರಿ ಯಾವ ಮದುವೆಗೂ ಊಟದ ಹೊತ್ತಿಗೆ ಮುಟ್ಟಿದವನಲ್ಲ. ದಾರಿಯಲ್ಲಿ ಕಂಡ ಪ್ರತಿ ಗೋಡೆಯ ಎದುರು ನಿಂತು, ಕೆಂಪುಕಲ್ಲನ್ನು ಬೆರಳಿನ ಗೆಣ್ಣಿನಿಂದ ಕುಟ್ಟಿ, ಸದ್ದು ಕೇಳಿಯೇ ಮುಂದೆ ಹೋಗುವ ಚಾಳಿ ಅವನದು. ಸುಣ್ಣಕ್ಕೆ ಕಲಸಲು ನನ್ನ ಅಂಗಡಿಯಿಂದ ಬೆಲ್ಲ ಒಯ್ಯುವಾಗಲೂ ಒಂದು ತುಂಡು ಬಾಯಿಗೆ ಹಾಕಿ, "ಇದು ಪಾಯಸಕ್ಕೆ ಆದೀತು, ಗೋಡೆಗೆ ಆಗ್ಲಿಕ್ಕಿಲ್ಲ" ಎನ್ನುತ್ತಿದ್ದ. ಅಂಥ ಗಿರಾಕಿಯನ್ನು ನಾನಲ್ಲದೆ ಬೇರೆ ಯಾರೂ ಅಂಗಡಿ ಹತ್ತಿಸುತ್ತಿರಲಿಲ್ಲ.

ರಸ್ತೆ ನೋಡಿಕೊಳ್ಳುವ ಜಿಲ್ಲಾ ಬೋರ್ಡಿಗಾಗಿ ಅವನು ನಮ್ಮೂರ ತೋಡಿನ ನೀರಿನ ಮೇಲೆ ಗಾಡಿ ದಾಟುವಂಥ ಒಂದು ಮೋರಿ ಕಟ್ಟಿದ. ಹೊಸದಾಗಿ ಬಂದ ಇಂಜಿನಿಯರು ಇದು ಒಂದು ಮಳೆಗಾಲವೂ ತಾಳದು ಎಂದು ಬರೆದುಬಿಟ್ಟರು. ಆಮೇಲೆ ದನದ ಹಟ್ಟಿಗೆ ಗೋಡೆ ಕಟ್ಟಲಿಕ್ಕೂ ಕಿಟ್ಟಣ್ಣನನ್ನು ಕರೆಯುವವರಿಲ್ಲ. ಕರಾರಿನಂತೆ ತಕರಾರು ಮಧ್ಯಸ್ಥರ ಮುಂದೆ ಹೋಯಿತು. ಅವರು ನಿವೃತ್ತ ಓವರ್ಸಿಯರು; ಮುಂಡು ಎತ್ತಿ ಕಟ್ಟಿ ಮೋರಿಯ ಅಡಿಗೆ ಇಳಿದು ನೋಡಿ, ಕೆಲಸ ಸರಿಯಾಗಿದೆ ಎಂದು ತೀರ್ಪು ಕೊಟ್ಟರು. ಅಪೀಲಿಗೆ ಬೋರ್ಡಿಗಿದ್ದದ್ದು ಮೂವತ್ತು ದಿನ. ಬೋರ್ಡಿನವರು ಕೋರ್ಟಿಗೆ ಬಂದದ್ದು ಮೂವತ್ನಾಲ್ಕನೆಯ ದಿನ, ಐವತ್ತೊಂದನೆಯ ಇಸವಿಯ ಆಟಿ ತಿಂಗಳ ಮಳೆಯಲ್ಲಿ.

ಕಿಟ್ಟಣ್ಣನ ವಕೀಲ ಜನಾರ್ದನಯ್ಯನವರಿಗೆ ಹಬ್ಬ. ಕಾಸರಗೋಡಿನ ಕೋರ್ಟಿನ ಜಗಲಿಯಲ್ಲಿ, "ನೀನು ಬಾಯಿ ಮುಚ್ಚಿ ನಿಂತ್ರೆ ಸಾಕು ಕಿಟ್ಟಣ್ಣ. ತಡ ಆಯ್ತು ಅಂತ ಅಪೀಲು ಬಾಗಿಲಲ್ಲೇ ಬೀಳ್ತದೆ" ಎಂದರು.

"ಹಾಗೆ ಬಿದ್ರೆ ಮೋರಿ ಬಗ್ಗೆ ಎಂತ ಹೇಳಿದ ಹಾಗಾಯ್ತು?"

"ಎಂತದೂ ಇಲ್ಲ. ನೀನು ಗೆದ್ದೆ, ಅಷ್ಟೆ."

"ಬೋರ್ಡಿನವ್ರು ಉದಾಸೀನ ಮಾಡಿದ್ದಕ್ಕೆ ಕಿಟ್ಟಣ್ಣ ಬದುಕಿದ ಅಂತಾರೆ ಊರವ್ರು. ಮತ್ತೆ ಹಟ್ಟಿ ಗೋಡೆಗೆ ಕರೀತಾರಾ?"

"ಮಾರಾಯ, ಸಿಕ್ಕಿದ್ದನ್ನು ಕಟ್ಟಿಕೊಂಡು ಮನೆಗೆ ನಡಿ" ಎಂದೆ ನಾನು.

"ಬೆಲ್ಲ ಮಾರುವವರಿಗೆ ಅಷ್ಟು ಸಾಕು. ನೀವು ಸುಮ್ಮನಿರಿ."

ತಡದ ಬಗ್ಗೆ ಆಕ್ಷೇಪವುಂಟೇ ಎಂದು ನ್ಯಾಯಾಧೀಶರು ಕೇಳಿದರು. ವಕೀಲರು ಏಳುವ ಮೊದಲೇ ಕಿಟ್ಟಣ್ಣ ಕೈಮುಗಿದ. "ನಾಲ್ಕು ದಿನ ಎಂತ ಮಹಾ, ಸ್ವಾಮಿ. ನಾನೂ ಎಲ್ಲಿಗೂ ಹೊತ್ತಿಗೆ ಸರಿಯಾಗಿ ಹೋದವನಲ್ಲ. ಅಪೀಲು ತಗೊಳ್ಳಿ, ಮೋರಿದೊಂದು ಕೇಳಿ." ಜನಾರ್ದನಯ್ಯನವರು ಕನ್ನಡಕ ತೆಗೆದು ಒರೆಸತೊಡಗಿದರು, ಅದರಲ್ಲಿ ಧೂಳೇನೂ ಇರಲಿಲ್ಲ.

ತಡವಾದರೆ ಒಂದೊಂದು ದಿನಕ್ಕೂ ಕಾರಣ ಬರೆದು ಕೊಡಬೇಕಂತೆ. ಬೋರ್ಡಿನ ಗುಮಾಸ್ತರು ಶ್ರದ್ಧೆಯಿಂದ ಬರೆದಿದ್ದರು. ನ್ಯಾಯಾಧೀಶರು ಗಟ್ಟಿಯಾಗಿ ಓದಿದರು: ಸಹಿ ಹಾಕಬೇಕಾದ ಇಂಜಿನಿಯರು ಮೂಡುದಿಕ್ಕಿನ ಕ್ಯಾಂಪಿನಲ್ಲಿದ್ದರು, ನೆರೆಯಲ್ಲಿ ಎರಡು ಸೇತುವೆ ಹೋದವು, ಬೇರೆ ದಾರಿ ಇಲ್ಲದೆ ಕಡತವನ್ನು ಸುತ್ತು ಬಳಸಿ, ಲಾರಿಯಲ್ಲಿ, ಬೋವಿಕಾನದ ಮೋರಿಯ ಮೇಲಿಂದ ತರಬೇಕಾಯಿತು.

"ಯಾವ ಮೋರಿ?"

ಗುಮಾಸ್ತರು ಕಡತ ನೋಡಿದರು, ಮಾಡಿನ ಹಂಚು ನೋಡಿದರು. "ಇದೇ ಮೋರಿ, ಸ್ವಾಮಿ."

"ಖಾಲಿ ಲಾರಿಯೇ?"

"ಮರದ ದಿಮ್ಮಿ ಇತ್ತು. ಹನ್ನೆರಡು."

ತಡ ಮನ್ನಾ ಆಯಿತು, ಅಪೀಲು ವಜಾ ಆಯಿತು.

ಸಂಜೆಯ ಬಸ್ಸಿನಲ್ಲಿ ಸುದ್ದಿ ನಮಗಿಂತ ಮುಂದೆ ಕೂತಿತ್ತು. ಮೋರಿಯ ಹತ್ತಿರ ಕಿಟ್ಟಣ್ಣ ಬಸ್ಸು ನಿಲ್ಲಿಸಿ, ಮಳೆಗೆ ಇಳಿದು, ಕಲ್ಲು ಕುಟ್ಟಿ ಬಂದ. ಡ್ರೈವರ್ ಹಾರ್ನ್ ಹೊಡೆದೇ ಹೊಡೆದ. ಒದ್ದೆಯಾಗಿ ಬಂದು ಕೂತವನಿಗೆ ಹಿಂದಿನ ಸೀಟಿನ ಸುಂದರಿಯಕ್ಕ, "ನಮ್ಮ ಹಟ್ಟಿಗೊಂದು ಗೋಡೆ ಆಗ್ಬೇಕಿತ್ತಲ್ಲ ಕಿಟ್ಟಣ್ಣ, ನಾಳೆ ಬರ್ತೀಯಾ?" ಎಂದಳು.

"ನಾಳೆ ಬೆಳಿಗ್ಗೆಯೇ ಬಂದೆ ಅಂತ ತಿಳ್ಕೊಳ್ಳಿ."

ಹೋದದ್ದು ಐದನೆಯ ದಿನ.